ತಮ್ಮನ ಕೈ ಇಲ್ಲದ ಆಲ್ಬಮ್

ಮಾರ್ಚ್ ೩
ಮತ್ತೆ ಅದೇ ಕೊನೆಯ ಹಾಡು. ಗಿಟಾರ್ ನುಡಿಸುವ ಗೆಳೆಯ — ನಮ್ಮೆಲ್ಲರಿಗೂ ಅವನು 'ಗಡ್ಡ' — ತನ್ನ ತುಣುಕನ್ನು ಹಿಂದುಮುಂದು ಮಾಡಿ ಸೇರಿಸಿದ್ದಾನೆ. ನಾನು ಹಾಡಿದ್ದು ನೀರಿನಡಿಯಿಂದ ಬಂದಂತೆ ಕೇಳುತ್ತದೆ. ತಲೆ ಗಿರ್ರೆನ್ನುತ್ತದೆ — ಬೇಕಿದ್ದುದೂ ಅದೇ. ನಮ್ಮ ಬ್ಯಾಂಡಿನ ಮೊದಲ ಆಲ್ಬಮ್!
ಸೈಕೆಡೆಲಿಕ್ ಪಾಪ್ ಅಂದರೇನು ಎಂದಳು ಅಮ್ಮ.
"ಕಣ್ಣು ಮುಚ್ಚಿದ್ರೆ ಬಣ್ಣ ಕಾಣೋ ಹಾಡಮ್ಮ," ಎಂದ ತಮ್ಮ.
"ಪಿತ್ತ ನೆತ್ತಿಗೇರಿದ್ರೂ ಕಾಣುತ್ತೆ."
ತಮ್ಮನ ಡ್ರಮ್ಸ್ ರೆಕಾರ್ಡಿಂಗ್ ಇವತ್ತಿಗೆ ಮುಗಿಯಿತು. ಖುಷಿ ಬಂದರೆ ತಾಳ ಬಿಟ್ಟು ಮುಂದೆ ಓಡುತ್ತಾನೆ, ಹಾಡನ್ನೂ ಎಳೆದುಕೊಂಡು. ಪ್ರೊಡ್ಯೂಸರ್ ಮುಖ ಗಂಟಿಕ್ಕಿದರು.

ಮಾರ್ಚ್ ೧೯
ಸ್ಟುಡಿಯೋದ ಗಾಜಿನಾಚೆ ತಮ್ಮನ ಜಾಗದಲ್ಲಿ ಬೇರೆ ಯಾರೋ. ನಮ್ಮ ಹಾಡುಗಳಿಗೇ ಬಾರಿಸುತ್ತಿದ್ದಾನೆ. ಅಚ್ಚುಕಟ್ಟು. ಗಡಿಯಾರದ ಹಾಗೆ.
"ಎಲ್ಲಾ ಹಾಡಿಗೂನಾ?"
"ಕಂಪನಿಯವರು ಹೇಳಿದ್ದು," ಎಂದರು ಪ್ರೊಡ್ಯೂಸರ್. "ಕವರ್ ಮೇಲೆ ಹೆಸರು ನಿಮ್ಮ ತಮ್ಮಂದೇ ಇರುತ್ತೆ. ಅವನಿಗೆ ಆಮೇಲೆ ಹೇಳಿದ್ರಾಯ್ತು."
ಗಡ್ಡನಿಗೆ ಮೊದಲೇ ಗೊತ್ತಿತ್ತು. "ಆಲ್ಬಮ್ ಒಂದು ಹೊರಗೆ ಬರ್ಲಿ ಕಣೇ. ಈಗ ಬಾಯಿ ಬಿಟ್ರೆ ಎಲ್ಲಾ ಹಾಳು."

ಮಾರ್ಚ್ ೨೦, ಬೆಳಿಗ್ಗೆ
ತಮ್ಮ ಹಲ್ಲುಜ್ಜುವ ಬ್ರಷ್ಷಿನಿಂದ ಬೇಸಿನ್ ಮೇಲೆ ಕೊನೆಯ ಹಾಡು ಬಾರಿಸುತ್ತಿದ್ದ. "ಅಕ್ಕ, ಕೇಳಕ್ಕ," ಎಂದ. ಹೇಳಿಬಿಡೋಣವೆಂದು ಬಾಯಿ ತೆರೆದೆ. "ಟವೆಲ್ ಎಲ್ಲೋ?" ಎಂದೆ...

ಏಪ್ರಿಲ್ ೨
ಎಲ್ಲರನ್ನೂ ಕೂರಿಸಿ ಇಡೀ ಆಲ್ಬಮ್ ಕೇಳಿಸಿದರು. ನಾನು ಕೇಳಲಿಲ್ಲ, ತಮ್ಮನ ಬೆರಳನ್ನೇ ನೋಡುತ್ತಿದ್ದೆ. ತೊಡೆಯ ಮೇಲೆ ತಾಳ. ಎರಡನೆಯ ಹಾಡಿನಲ್ಲಿ ನಿಂತಿತು.
ಮುಗಿದಾಗ ನಕ್ಕ. "ಚೆನ್ನಾಗಿದೆ ಸರ್. ಎಲ್ಲೂ ಓಡಿಲ್ಲ."
ಗೊತ್ತಾಯಿತೋ? ಇಲ್ಲವೋ? ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆಹೋದ — ಅಥವಾ ಹಾಗೆ ನಟಿಸಿದ.

ಏಪ್ರಿಲ್ ೧೧
ಸ್ಟುಡಿಯೋಗೆ ಹೋಗಿ ಹೇಳಿಯೇಬಿಟ್ಟೆ. "ಅವನ ಡ್ರಮ್ಸ್ ಬೇಡ ಅಂದ್ರೆ ನಾನು ಹಾಡಿದ್ದೂ ತೆಗೀರಿ."
"ಕಾಂಟ್ರಾಕ್ಟ್ ಓದಿದ್ದೀರಾ?" ಎಂದರು ಪ್ರೊಡ್ಯೂಸರ್.
"ಕೇಸ್ ಹಾಕಿ. ಸ್ಟೇಜ್ ಮೇಲೆ ಯಾರು ಹಾಡ್ತಾರೆ ನೋಡೋಣ."
ಮೆಟ್ಟಿಲಿಳಿಯುವಾಗ ಗಡ್ಡ ಹಿಂದೆಯೇ ಓಡಿಬಂದ. ಬೈಯುತ್ತಾನೆಂದುಕೊಂಡೆ.
"ನನ್ನ ಗಿಟಾರೂ ತೆಗೀರಿ ಅಂದು ಬಂದೆ," ಎಂದ.

ಏಪ್ರಿಲ್ ೧೬, ಮಧ್ಯಾಹ್ನ
ಫೋನ್ ಬಂತು. ಕಂಪನಿ ಒಪ್ಪಿದೆ! ತಮ್ಮ ಬಾರಿಸಿದ್ದೇ ಇರುತ್ತದೆ, ಎಲ್ಲ ಹಾಡಿಗೂ.
ಮನೆಗೆ ಓಡಿದೆ. ಅವನು ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ — ಗಾಜಿನಾಚೆ ಕಂಡವನು, ಜಗಳ, ಗೆದ್ದದ್ದು.
ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದ. "ಕೇಳಿದಾಗಲೇ ಗೊತ್ತಾಯ್ತು."
"ಮತ್ಯಾಕೋ ಸುಮ್ಮನಿದ್ದೆ?"
"ನೀನು ಹೇಳ್ತೀಯ ಅಂತ ಕಾಯ್ತಿದ್ದೆ. ಬಸ್ಸಲ್ಲೇ ಹೇಳ್ತೀಯ ಅನ್ಕೊಂಡೆ."
ಇಸ್ತ್ರಿಯಾದ ಶರ್ಟನ್ನು ಮಡಿಸಲು ಎತ್ತಿಕೊಂಡೆ.
"ನಾಳೆ ರಿಹರ್ಸಲ್‌ಗೆ ಬರ್ತೀಯ ಅಲ್ವಾ?"
"ಬರ್ತೀನಿ."
ಅಷ್ಟೇ. ಮಾತುಮಾತಿಗೂ ಅಕ್ಕ, ಅಕ್ಕ ಎನ್ನುತ್ತಿದ್ದವನು...