ಹಂಚಿಕೊಂಡು ಉಣ್ಣಲು ಬೇಕಾದ ಲೈಸೆನ್ಸು

ಆಹಾರ ನಿರೀಕ್ಷಕ ಸಾಹೇಬರೇ,

ಕಳೆದ ಶ್ರಾವಣದಲ್ಲಿ ತಾವು ಬಸ್ಸಿನ ಮೇಲಿಂದ ಇಳಿಸಿಕೊಂಡು ಹೋದ ಎರಡು ಡಬ್ಬಿ ಕುಸುಬಿ ಎಣ್ಣೆ ನಮ್ಮದು. ಅದನ್ನು ಮರಳಿ ಕೊಡಿರೆಂದು ಕೇಳಿ ಕೇಳಿ ತಮ್ಮ ಕಚೇರಿಯ ಬೆಂಚು ಸವೆಸಿದ್ದಾಯಿತು. ಅಲ್ಲಿ ಯಾರ ಕಿವಿಗೂ ಬೀಳದ್ದು ಇಲ್ಲಿಯಾದರೂ ಬೀಳಲೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಅಫಜಲಪುರ ರಸ್ತೆಯ ಒಂದು ಸಣ್ಣ ಊರಿನಲ್ಲಿ ಬಟ್ಟೆ ಹೊಲಿಯುವವಳು. ಪಕ್ಕದ ಮನೆಯ ಖುರ್ಷಿದಬೇಗಂ ಅವರದು ತುಂಬಿದ ಸಂಸಾರ. ಎದುರುಮನೆಯ ಸಕ್ಕುಬಾಯಿ, ಗಂಡ ತೀರಿಕೊಂಡ ಮೇಲೆ ಬಸ್ ನಿಲ್ದಾಣದಲ್ಲಿ ಮಿರ್ಚಿ ಭಜಿ ಕರಿದು ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಳು. ಊರಿಗೆ ಇರುವುದು ಒಂದೇ ದೊಡ್ಡ ಕಿರಾಣಿ ಅಂಗಡಿ. ಹಬ್ಬ ಹತ್ತಿರ ಬಂದರೆ ಅಲ್ಲಿ ಎಣ್ಣೆ ಖಲಾಸ್ ಆಗುತ್ತದೆ; ದರ ಏರಿದ ಮರುದಿನ ಅದೇ ಅಂಗಡಿಯಲ್ಲಿ ಉಕ್ಕುತ್ತದೆ. ಪಾವು ಕಿಲೋ ಒಯ್ಯುವವರಿಗೆ ಡಬ್ಬಿ ಒಯ್ಯುವವರಿಗಿಂತ ದುಬಾರಿ. ಕೈಯಲ್ಲಿ ಕಾಸಿಲ್ಲದವರೇ ಹೆಚ್ಚು ಬೆಲೆ ತೆರಬೇಕೆಂಬ ಈ ಚಮತ್ಕಾರವನ್ನು ತಮ್ಮ ಇಲಾಖೆ ಎಂದಾದರೂ ನಿರೀಕ್ಷಣೆ ಮಾಡಿದೆಯೇ?

ಮೂರು ಮನೆಯವರೂ ಕೂಡಿ ಗುಲಬರ್ಗಾದ ಗಂಜ್ ಮಾರುಕಟ್ಟೆಯಿಂದ ಸಗಟು ದರದಲ್ಲಿ ತಂದು ಹಂಚಿಕೊಂಡರೆ ಹೇಗೆ ಎಂದವರು ಖುರ್ಷಿದಬೇಗಂ. ನಾನು ಹಬ್ಬದ ಸೀರೆಯ ಆಸೆ ಬಿಟ್ಟು ಆ ಹಣವನ್ನು ಪಾಲಿಗೆ ಹಾಕಿದೆ. ಕೈ ಕೊಯ್ಯದಿರಲೆಂದು ಖುರ್ಷಿದಬೇಗಂ ಹಿಡಿಕೆಗೆ ಹಸಿರು ಚಿಂದಿ ಸುತ್ತಿಕೊಟ್ಟ ಖಾಲಿ ಡಬ್ಬಿಗಳನ್ನು ಹಿಡಿದು ಸಕ್ಕುಬಾಯಿ ಮತ್ತು ನಾನು ಹೋಗಿ ಎಣ್ಣೆ ತಂದೆವು. ಬಸ್ಸು ನಿಂತಾಗ ತಾವು ಜೀಪಿನೊಂದಿಗೆ ಕಾದಿದ್ದಿರಿ. ಕಿರಾಣಿ ಸಾಹುಕಾರರು ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ದೂರು ಯಾರದೆಂದು ನಾವು ಕೇಳಲಿಲ್ಲ, ತಾವೂ ಹೇಳಲಿಲ್ಲ.

ಲೈಸೆನ್ಸ್ ಇಲ್ಲದೆ ದಾಸ್ತಾನು ಮಾಡುವುದು ಅಪರಾಧವೆಂದು ತಾವು ವಿವರಿಸಿದಿರಿ. ಆಗ ಸಕ್ಕುಬಾಯಿ ಕೇಳಿದಳು: “ಮೂರು ಮನಿಯವರು ಕೂಡಿ ತಂದೀವ್ರಿ ಸಾಹೇಬ್ರ. ಹಂಚಿಕೊಂಡು ಉಣ್ಣೂದಕ್ಕೂ ಲೈಸೆನ್ಸ್ ಬೇಕೇನ್ರಿ?”

ಡಬ್ಬಿಗಳು ಜೀಪು ಹತ್ತಿದವು.

ಸಾಹೇಬರೇ, ಸಾಹುಕಾರರ ಗೋದಾಮಿನಲ್ಲಿದ್ದರೆ ಸರಕು ಎನ್ನಿಸಿಕೊಳ್ಳುವ ಎಣ್ಣೆ, ಹೆಂಗಸರ ಕೈಗೆ ಬಂದ ಕೂಡಲೇ ದಾಸ್ತಾನು ಹೇಗಾಗುತ್ತದೆ? ಲೈಸೆನ್ಸ್ ಮಾಡಿಸೋಣವೆಂದರೆ ಮೊದಲು ಅಂಗಡಿ ತೋರಿಸಿ ಎಂದರು ತಮ್ಮ ಗುಮಾಸ್ತರು. ಅಡುಗೆಮನೆ ತೋರಿಸುತ್ತೇವೆ ಎಂದದ್ದಕ್ಕೆ ನಕ್ಕರು.

ಶ್ರಾವಣದಲ್ಲಿ ಗಾಣಗಾಪುರಕ್ಕೆ ಹೋಗುವ ಯಾತ್ರಿಕರು ನಮ್ಮಲ್ಲಿಯೇ ಬಸ್ಸು ಬದಲಿಸುತ್ತಾರೆ. ಸಕ್ಕುಬಾಯಿಯ ವರ್ಷದ ಗಳಿಕೆಯಲ್ಲಿ ದೊಡ್ಡ ಪಾಲು ಆ ದಿನಗಳದ್ದು. ಅಂಗಡಿಯ ದರದಲ್ಲಿ ಎಣ್ಣೆ ಕೊಂಡು ಕರಿದರೆ ಏನೂ ಉಳಿಯದೆಂದು ಅವಳು ಒಲೆ ಆರಿಸಿದಳು. ಕಂಡವರ ಹೊಲದಲ್ಲಿ ಕಳೆ ತೆಗೆಯಲು ಹೋದಳು. ದೊಡ್ಡ ಮಗಳೂ ಶಾಲೆ ಬಿಟ್ಟು ಜೊತೆಗೆ ಹೋದಳು.

ಆಮೇಲೆ ತಮ್ಮ ಇಲಾಖೆ ಜಪ್ತಿ ಮಾಡಿದ ಎಣ್ಣೆಯನ್ನು ಹರಾಜು ಹಾಕಿತಂತೆ. ಹರಾಜಿನ ಸುದ್ದಿ ಎಣ್ಣೆಯ ಒಡತಿಯರಿಗೆ ಮುಟ್ಟಲಿಲ್ಲ. ಸಾಹುಕಾರರಿಗೆ ಮಾತ್ರ ಸಕಾಲಕ್ಕೆ ಮುಟ್ಟಿತು. ಒಂದು ಸಂಜೆ ಸಕ್ಕುಬಾಯಿ ಸಾಹುಕಾರರ ಅಂಗಡಿಗೆ ಹೋದಾಗ, ಗಲ್ಲಾಪೆಟ್ಟಿಗೆಯ ಹಿಂದಿದ್ದ ಡಬ್ಬಿಯ ಹಿಡಿಕೆಗೆ ಖುರ್ಷಿದಬೇಗಂ ಸುತ್ತಿಕೊಟ್ಟಿದ್ದ ಹಸಿರು ಚಿಂದಿ ಹಾಗೆಯೇ ಇತ್ತು. ಅವಳು ಜಗಳ ತೆಗೆಯಲಿಲ್ಲ. ಮನೆಯಲ್ಲಿ ಬೇಳೆ ಬೆಂದಿತ್ತು, ಒಗ್ಗರಣೆಗೆ ಹನಿ ಎಣ್ಣೆ ಇರಲಿಲ್ಲ. ಪಾವು ಕಿಲೋ ಕೊಂಡು ನನ್ನ ಬಾಗಿಲಿಗೆ ಬಂದಳು.

“ಅಕ್ಕ, ನಮ್ಮ ಎಣ್ಣಿ ನಾವೇ ಕೊಂಡು ತರೂ ಹಂಗಾತು ನೋಡ್ರಿ” ಎಂದಳು. ಅವಳ ಕಣ್ಣು ಒಣಗಿತ್ತು. ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ನಮ್ಮ ಎಣ್ಣೆಯನ್ನಾಗಲಿ, ಅದಕ್ಕೆ ತೆತ್ತ ಹಣವನ್ನಾಗಲಿ ಮರಳಿ ಕೊಡಿಸಿ. ಸಾಹುಕಾರರ ಗೋದಾಮನ್ನು ಹಬ್ಬದ ಮೊದಲೇ ತೆರೆಸಿ ನೋಡಿ. ಸಕ್ಕುಬಾಯಿ ಕೇಳಿದ ಪ್ರಶ್ನೆಗೆ ತಮ್ಮ ರುಜು ಹಾಕಿ ಉತ್ತರ ಕೊಡಿ. ಬರುವ ಸೋಮವಾರ ನಾವು ಮತ್ತೆ ಗಂಜ್ ಮಾರುಕಟ್ಟೆಗೆ ಹೊರಟಿದ್ದೇವೆ. ಈ ಸಲ ಓಣಿಗೆ ಓಣಿಯೇ ಪಾಲು ಹಾಕಿದೆ. ಸಂಜೆಯ ಬಸ್ಸಿಗೆ ಬರುತ್ತೇವೆ. ತಾವೂ ಬನ್ನಿ, ಜೀಪು ಮಾತ್ರ ಸಾಲಲಿಕ್ಕಿಲ್ಲ.

ಇಂತಿ,
ತಮ್ಮ ಕಡತದಲ್ಲಿ ಅಕ್ರಮ ದಾಸ್ತಾನುಗಾರ್ತಿ,
ಓಣಿಯಲ್ಲಿ ಬರೀ ನೆರೆಮನೆಯವಳು,
ಕಸ್ತೂರಿಬಾಯಿ
ಕಾರ್ತಿಕ, ೧೯೮೧