ಸಾಲಿನ ಕೊನೆಗೊಂದು ಸೊನ್ನೆ

ಆಗಸ್ಟ್ ೧೩, ಬುಧವಾರ

ಯಾರದು, ಇದನ್ನು ತೆರೆದವರು? ಕೈ ತೊಳೆದಿದ್ದೀಯಾ? ಇನ್ನೊಬ್ಬರು ಬರೆದದ್ದನ್ನು ಕದ್ದು ಓದಿದವರಿಗೆ ನಮ್ಮ ಮೇಷ್ಟ್ರು ಬೆರಳ ಗೆಣ್ಣಿನ ಮೇಲೆ ಕೊಡುತ್ತಿದ್ದರು. ಮಗಳಾಗಿದ್ದರೆ — ಮುಚ್ಚು, ಹೆತ್ತವಳಿಗೂ ಗುಟ್ಟಿರುತ್ತದೆ. ಮೊಮ್ಮಗಳಾಗಿದ್ದರೆ — ಎರಡು ಸಲ ಮುಚ್ಚು. ಡಾಕ್ಟರಾಗಿದ್ದರೆ ಓದಬಹುದು, ಅದೂ ಮೊಣಕಾಲಿನ ಸಾಲು ಮಾತ್ರ. ಉಳಿದದ್ದಕ್ಕೆ ನಿಮ್ಮ ಹತ್ತಿರ ಮಾತ್ರೆ ಇಲ್ಲ.

ಇಂದು ಮರದ ಸೇತುವೆ ದಾಟಿ ಮೊದಲ ದಿಬ್ಬ. ಹೋಗಿಬರಲು ಎರಡೂವರೆ ಗಂಟೆ. ಮೋಡ ಕವಿದಿತ್ತು, ಹನಿಯಲಿಲ್ಲ. ಮೊಣಕಾಲು: ಹತ್ತುವಾಗ ಸುಮ್ಮನಿತ್ತು, ಇಳಿಯುವಾಗ ಗೊಣಗಿತು.

ಪುಸ್ತಕ ಮೊಮ್ಮಗಳು ತಂದದ್ದು. ಔಷಧಿ ಅಂಗಡಿಯಲ್ಲಿ ಅವಳ ಕೆಲಸ, ಬುಧವಾರ ರಜೆ. ಡಾಕ್ಟರು ನನಗೆ ನಡೆಯಬೇಕು ಎಂದರು. ಮಗಳು ಪಾರ್ಕು ಎಂದಳು. ಪಾರ್ಕಿನಲ್ಲಿ ಮುದುಕರು ಸುತ್ತುತ್ತಾರೆ, ಗಾಣದ ಎತ್ತಿನ ಹಾಗೆ. ನಾನು ಬೆಟ್ಟ ಎಂದೆ. ಮೊಮ್ಮಗಳು ಜೊತೆಗೆ ಬರುತ್ತೇನೆ ಎಂದಳು. ಕಾವಲಿಗೆ ಎಂದು ಗೊತ್ತು. ಗೊತ್ತಿಲ್ಲದ ಹಾಗಿದ್ದೇನೆ.

ಆಗಸ್ಟ್ ೨೦

ಬೆಳಿಗ್ಗೆ ಅವಳು ಫೋನು ಹಿಡಿದು ಬಂದಳು. "ಅಜ್ಜಿ, ಇವತ್ತು ಮಳೆ ಅರವತ್ತು ಪರ್ಸೆಂಟ್ ಅಂತೆ."

"ಆ ಫೋನು ಯಾವತ್ತಾದ್ರೂ ಚಾದರ ಒಣಗಿಸಿದೆಯಾ?"

ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತೊಂದು ವರ್ಷ. ದಿನಕ್ಕೆ ಎಂಬತ್ತು ಚಾದರ, ತಾರಸಿಯ ಮೇಲೆ ಒಣಹಾಕುವುದು ನಾನೇ. ಗಾಳಿ ಯಾವ ಕಡೆಯಿಂದ ಬಂದರೆ ಓಡಿಹೋಗಿ ಬಟ್ಟೆ ಎತ್ತಬೇಕು, ಯಾವ ಕಡೆಯಿಂದಾದರೆ ಕೂತು ಚಹಾ ಕುಡಿಯಬಹುದು — ಅದು ನನ್ನ ಮೈಗೆ ಗೊತ್ತು. ಇಂದು ಚಹಾದ ಗಾಳಿ. ಹೋದೆವು. ಹನಿಯಲಿಲ್ಲ. ಎರಡನೇ ದಿಬ್ಬದವರೆಗೆ.

ಹೊರಟ ಮೇಲೆ ತಿರುಗುವವಳು ನಾನಲ್ಲ. ಆಕಾಶ ಹೇಗಾದರೂ ಇರಲಿ. ಮೊಣಕಾಲು: ಪರವಾಗಿಲ್ಲ.

ಆಗಸ್ಟ್ ೨೭

ಬೆಟ್ಟದ ಸಂದಿನವರೆಗೆ ಹೋದೆವು! ಎರಡು ಬೆಟ್ಟ ಸೇರುವ ಜಾಗ. ಈ ಕಡೆ ನಮ್ಮ ಕಣಿವೆ, ಆ ಕಡೆ ಇನ್ನೊಂದು. ಹತ್ತಲು ಮೂರೂವರೆ ಗಂಟೆ. ಮೊಮ್ಮಗಳು ಎಂಟು ಸಲ "ಸುಸ್ತಾಯ್ತಾ" ಎಂದು ಕೇಳಿದಳು. ಒಂಬತ್ತನೆಯ ಸಲಕ್ಕೆ "ಹೌದು, ನಿನ್ನ ಮಾತಿಂದ" ಎಂದೆ.

ಅಲ್ಲೊಂದು ಕಲ್ಲಿನ ಗುಡಿಸಲು. ಬಾಗಿಲ ಪಕ್ಕದಲ್ಲಿ ತಗಡಿನ ಡಬ್ಬಿ, ಒಳಗೆ ನೋಟ್ ಪುಸ್ತಕ, ದಾರ ಕಟ್ಟಿದ ಪೆನ್ಸಿಲು. ಹತ್ತಿದವರು ತಾರೀಖು ಹಾಕಿ ಏನಾದರೂ ಬರೆದು ಹೋಗಬೇಕು. ಡಬ್ಬಿಯ ಮುಚ್ಚಳ ಯಾರೋ ತೆರೆದೇ ಬಿಟ್ಟಿದ್ದರು. ಹಾಳೆಗಳೆಲ್ಲ ಹಪ್ಪಳದ ಹಾಗೆ ಎದ್ದಿದ್ದವು. ಸಿಟ್ಟು ಬಂತು. ಬರೆದೆ —

ಮುಚ್ಚಳ ತೆರೆದು ಹೋದ ಮಹಾಶಯರೇ, ನಿಮ್ಮ ಮನೆಗೆ ಬಾಗಿಲಿದೆಯೇ? ೦

ಮೊಮ್ಮಗಳು ಫೋಟೋ ತೆಗೆಯುತ್ತ ಕೂತಿದ್ದಳು. ನೋಡಲಿಲ್ಲ. ಮೊಣಕಾಲು: ಗೊತ್ತಿಲ್ಲ, ಕೇಳಲಿಲ್ಲ.

ಸೆಪ್ಟೆಂಬರ್ ೩

ಮಳೆ. ದಿನವಿಡೀ. ಮನೆಯಲ್ಲಿ ಎಲ್ಲರ ಮೇಲೂ ರೇಗಿದೆ. ಸರದಿಯ ಪ್ರಕಾರ.

ಸೆಪ್ಟೆಂಬರ್ ೧೦

ಮತ್ತೆ ಸಂದಿಗೆ. ನನ್ನ ಸಾಲಿನ ಕೆಳಗೆ ಯಾರೋ ಉತ್ತರ ಬರೆದಿದ್ದರು —

ತೆರೆದಿಟ್ಟವಳು ನಾನೇ. ೦
ಒಳಗೆ ನೀರು ನಿಂತಿತ್ತು, ಗಾಳಿಗೆ ಒಣಗಲಿ ಎಂದು. ೦
ಮನೆಗೆ ಬಾಗಿಲಿದೆ. ಒಂಬತ್ತು ವರ್ಷದಿಂದ ನೀನೇ ತಟ್ಟಿಲ್ಲ. ೦

ಚಹಾ ಆರಿತು. ಮೊಮ್ಮಗಳು "ಏನಾಯ್ತಜ್ಜಿ?" ಎಂದಳು. ಪೆನ್ಸಿಲು ಮೊಂಡಾಗಿದೆ ಎಂದೆ.

ಸೆಪ್ಟೆಂಬರ್ ೧೧, ಬೆಳಿಗ್ಗೆ

ಬರೆದಿಟ್ಟರೆ ತಲೆಯಿಂದ ಇಳಿಯುತ್ತದೆಯೋ ನೋಡೋಣ.

ನಾನು ಶಾಲೆಗೆ ಹೋದದ್ದು ನಾಲ್ಕು ವರ್ಷ. ತಂಗಿಯನ್ನು ಕಳಿಸಲೇ ಇಲ್ಲ, ಮೇಕೆ ಕಾಯಲು ಒಬ್ಬರು ಬೇಕಿತ್ತು. ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಇದ್ದಿಲಿನಲ್ಲಿ ನಾನೇ ಅವಳಿಗೆ ಅಕ್ಷರ ಕಲಿಸಿದೆ. ಅವಳಿಗೆ ನಿಲ್ಲಿಸುವುದೇ ಗೊತ್ತಿರಲಿಲ್ಲ. ಸಾಲು ಮೆಟ್ಟಿಲು ದಾಟಿ ಗೋಡೆ ಹತ್ತುತ್ತಿತ್ತು. ಅದಕ್ಕೆ ನಿಯಮ ಮಾಡಿದೆ — "ಹೇಳೋದು ಮುಗೀತಾ? ಕೊನೆಗೊಂದು ಸೊನ್ನೆ ಹಾಕು. ಸೊನ್ನೆ ಇಲ್ದಿದ್ರೆ ಇನ್ನೂ ಮುಗಿದಿಲ್ಲ ಅಂತ." ಯಾವ ಮೇಷ್ಟ್ರೂ ಹೇಳಿಕೊಟ್ಟದ್ದಲ್ಲ. ಲೋಕದಲ್ಲಿ ಹೀಗೆ ಬರೆಯುವವರು ಇಬ್ಬರೇ. ನಾನು ಬೈದು ಬರೆದದ್ದಕ್ಕೂ ಕೈ ತಾನಾಗಿ ಸೊನ್ನೆ ಹಾಕಿದೆ. ಅವಳಿಗೆ ಅಷ್ಟು ಸಾಕಾಯಿತು.

ಅವಳನ್ನು ಕೊಟ್ಟದ್ದು ಆ ಕಣಿವೆಗೆ. ಒಂಬತ್ತು ವರ್ಷದ ಹಿಂದೆ ಅವ್ವ ನನ್ನ ಮನೆಯಲ್ಲಿ ಮಲಗಿದಳು, ಏಳುವ ಮಲಗುವಿಕೆಯಲ್ಲ. ತಂಗಿಗೆ ಹೇಳಿಕಳಿಸಿದೆ. ಮಳೆಗೆ ರಸ್ತೆ ಕುಸಿದಿತ್ತು, ಸಂದಿನ ದಾರಿಯೊಂದೇ. ಅವಳು ಅರ್ಧ ಹತ್ತಿದಳು. ಮೋಡ ಇಳಿಯಿತೆಂದು ತಿರುಗಿ ಹೋದಳು. ಮರುದಿನ ಬಂದಳು. ಅವ್ವ ಹಿಂದಿನ ದಿನವೇ ಹೋಗಿದ್ದಳು — "ಚಿಕ್ಕವಳು ಬಂದ್ಲಾ" ಎಂದು ಕೇಳುತ್ತ ಕೇಳುತ್ತ.

ಬಾಗಿಲಲ್ಲೇ ನಿಲ್ಲಿಸಿ, ಮನೆ ತುಂಬ ಜನರೆದುರು ಅಂದೆ — "ಮೋಡ ನೋಡಿ ಕಾಲಿಡೋಳು ಹೆಣಕ್ಕೂ ತಡವಾಗೇ ಬರ್ತಾಳೆ."

ಅವಳು ಕೂರಲಿಲ್ಲ. ನೀರು ಕೂಡ ಮುಟ್ಟಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನದು ಮುತ್ತೇನಲ್ಲ, ಕಲ್ಲು. ಅದು ಒಡೆಯುವುದೂ ಇಲ್ಲ.

ಇಳಿಯಲಿಲ್ಲ. ಇಲ್ಲೇ ಕೂತಿದೆ.

ಸೆಪ್ಟೆಂಬರ್ ೧೭

ಸಂದು. ಗಾಳಿ ಜೋರು, ಟೋಪಿ ಹಾರಿತು. ಆ ಕಣಿವೆಗೇ ಹೋಯಿತು, ಹಾಳಾಗಿ ಹೋಗಲಿ. ಬರೆದೆ —

ತಟ್ಟುವುದು ದೊಡ್ಡವಳ ಕೆಲಸವಲ್ಲ. ೦
ಮೊಣಕಾಲು ಹೇಗಿದೆ? ನನ್ನದು ಕೆಟ್ಟಿದೆ. ೦

ಎರಡನೆಯ ಸಾಲನ್ನು ಅಳಿಸೋಣವೆಂದರೆ ರಬ್ಬರು ಇರಲಿಲ್ಲ.

ಸೆಪ್ಟೆಂಬರ್ ೨೪

ಉತ್ತರ ಇತ್ತು —

ನನ್ನದು ಎಡಗಾಲು. ಅವ್ವನದೂ ಎಡಗಾಲೇ. ೦
ಅಕ್ಟೋಬರ್ ಎಂಟು, ಬುಧವಾರ, ಹನ್ನೊಂದು ಗಂಟೆ, ಇದೇ ಗುಡಿಸಲು. ೦
ಬೈಯುವುದಿದ್ದರೆ ಮುಖಕ್ಕೆ ಬೈ. ಪೆನ್ಸಿಲು ಸವೆಸಬೇಡ. ೦

ಕೆಳಗೆ ಒಂದೇ ಮಾತು ಬರೆದೆ. ಬರುತ್ತೇನೆ. ಸೊನ್ನೆ ಹಾಕಿದೆ.

ಮೊಮ್ಮಗಳಿಗೆ ಹೇಳಿಲ್ಲ. ಹೇಳಿದರೆ "ಫೋನ್ ಮಾಡಬಹುದಿತ್ತಲ್ಲ" ಎನ್ನುತ್ತಾಳೆ. ಫೋನಿನಲ್ಲಿ ಯಾರಾದರೊಬ್ಬರು ಮೊದಲು ಬಾಯಿ ಬಿಡಬೇಕು. ನಾನಂತೂ ಬಿಡುವುದಿಲ್ಲ, ಅವಳೂ ನನ್ನ ತಂಗಿಯೇ.

ಅಕ್ಟೋಬರ್ ೭

ಬ್ರೆಡ್ಡು, ಬೇಯಿಸಿದ ಮೊಟ್ಟೆ ನಾಲ್ಕು. ಮೊಮ್ಮಗಳು ಡಬ್ಬ ಬಿಚ್ಚಿ ಎಣಿಸಿದಳು. "ಇಬ್ಬರಿಗೆ ನಾಲ್ಕಾ?"

"ಹಸಿವಾಗತ್ತೆ."

"ಲೋಟ ಮೂರ್ಯಾಕೆ?"

"ಒಂದು ಒಡೆದ್ರೆ ಇರ್ಲಿ ಅಂತ."

"ಸ್ಟೀಲ್ ಲೋಟ ಒಡೆಯತ್ತಾ, ಅಜ್ಜಿ?"

ಔಷಧಿ ಅಂಗಡಿಯವಳು. ಬೇರೆಯವರ ಚೀಟಿ ಓದಿ ಓದಿ ಅಭ್ಯಾಸ.

ಅವ್ವನ ಉಣ್ಣೆಯ ಶಾಲು ಒಗೆದು ಒಣಗಿಸಿದ್ದೇನೆ. ಕೊಡುವುದೋ ಬಿಡುವುದೋ ಅಲ್ಲಿ ಹೋಗಿ ನೋಡೋಣ. ಚೀಲದಲ್ಲಂತೂ ಇದೆ.

ಅಕ್ಟೋಬರ್ ೮, ಸಂಜೆ

ತಿರುಗಿ ಬಂದೆ.

ಏಳಕ್ಕೆ ಹೊರಟೆವು. ಗಾಳಿ ಓಡಿ ಬಟ್ಟೆ ಎತ್ತುವ ಕಡೆಯಿಂದ ಬರುತ್ತಿತ್ತು. ಗೊತ್ತಾಯಿತು. ಗೊತ್ತಾಗದ ಹಾಗೆ ನಡೆದೆ. ಹತ್ತು ಗಂಟೆಗೆ ಒಂಟಿ ಮರದ ಹತ್ತಿರ. ಅಲ್ಲಿಂದ ಸಂದಿಗೆ ಮುಕ್ಕಾಲು ಗಂಟೆ. ಅಲ್ಲಿ ಮೋಡ ಇಳಿಯಿತು. ಬಂಡೆಗಳ ಮೇಲೆ ದಾರಿಗೆಂದು ಬಿಳಿ ಬಣ್ಣದ ಗುರುತು ಹಾಕಿದ್ದಾರೆ. ಒಂದು ಕಂಡಿತು. ಮುಂದಿನದು ಕಾಣಲಿಲ್ಲ.

ಇಪ್ಪತ್ತು ಹೆಜ್ಜೆ ಹೋದೆವು. ಮೊಮ್ಮಗಳು ಜಾರಿದಳು. ಮಂಡಿ ತರಚಿತು, ಅಷ್ಟೇ. ಎದ್ದು ನಕ್ಕಳು. "ನಡೀರಿ ಅಜ್ಜಿ, ನಂಗೇನೂ ಆಗಿಲ್ಲ." ಆಗ ಗುಡುಗಿತು. ಮೇಲಲ್ಲ, ಪಕ್ಕದಲ್ಲಿ.

"ತಿರುಗು" ಎಂದೆ.

"ಇಷ್ಟು ದೂರ ಬಂದು? ನೀವು ತಿರುಗೋರಲ್ವಲ್ಲ?"

"ತಿರುಗು ಅಂದ್ನಲ್ಲ."

ತಿರುಗು ಎಂದವಳು ನಾನು. ಅವಳಲ್ಲ. ಇದನ್ನು ಇಲ್ಲಿ ಸರಿಯಾಗಿ ಬರೆದಿಡುತ್ತೇನೆ. ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ.

ಮನೆಗೆ ಬಂದು ಮೊಟ್ಟೆ ತಿಂದೆವು. ತಲಾ ಎರಡು. ಮೂರನೆಯ ಲೋಟವನ್ನು ತೊಳೆಯದೆ ಹಾಗೇ ಇಟ್ಟೆ. ಕೊಳೆಯಾಗಿರಲಿಲ್ಲ.

ಅಕ್ಟೋಬರ್ ೯

ಬೆಳಿಗ್ಗೆ ಅಂಗಡಿಗೆ ಹೊರಟವಳು ಚಪ್ಪಲಿ ಹಾಕಿಕೊಳ್ಳುತ್ತ, ಗೋಡೆಗೆ ಹೇಳುವ ಹಾಗೆ ಹೇಳಿದಳು, "ಚಿಕ್ಕಜ್ಜಿ ಮನೆ ಸೇರಿದ್ದಾರಂತೆ. ನೆಂದು ತೊಪ್ಪೆಯಾಗಿ. ಆರಾಮಿದ್ದಾರಂತೆ. ಅವರ ಮಗ ಮೆಸೇಜ್ ಮಾಡಿದ್ರು."

"ನಾನು ಕೇಳಿದ್ನಾ?"

"ಇಲ್ಲ. ಸುಮ್ನೆ ಹೇಳ್ದೆ."

ಹಾಗಾದರೆ ಅವಳು ಹತ್ತಿದ್ದಳು. ಆ ಮೋಡದಲ್ಲಿ. ಅರವತ್ತೆಂಟು ವಯಸ್ಸು, ಎಡಗಾಲು ಬೇರೆ. ಹತ್ತಿ, ಕೂತು, ಕಾದು, ನೆಂದು ಹೋಗಿದ್ದಾಳೆ.

ನಾನು ಯಾರನ್ನು ನೋಡಲು ಹೊರಟಿದ್ದೆ ಎಂದು ಮೊಮ್ಮಗಳಿಗೆ ಹೇಳಿದವರು ಯಾರು? ಈ ಪುಸ್ತಕವೇ. ಎರಡು ಸಲ ಮುಚ್ಚು ಎಂದಿದ್ದೆನಲ್ಲ, ಕತ್ತೆ. ಕೈಯಾದರೂ ತೊಳೆದಿದ್ದೆಯಾ?

ಮಂಡಿಗೆ ಮುಲಾಮು ಹಚ್ಚಿಕೊ.

ಅಕ್ಟೋಬರ್ ೧೫

ಬಿಸಿಲು. ಗಾಳಿಯಿಲ್ಲ. ಮೊಣಕಾಲು: ಚೆನ್ನಾಗಿದೆ.

ಹೋಗಲಿಲ್ಲ.

ಅಕ್ಟೋಬರ್ ೧೯

ಭಾನುವಾರ. ಮಗಳು ಕಪಾಟು ಜೋಡಿಸುತ್ತ ಕೇಳಿದಳು, "ಅವ್ವಾ, ಈ ಶಾಲು ಚೀಲದಲ್ಲೇ ಇದೆಯಲ್ಲ, ತೆಗೆದಿಡ್ಲಾ?"

"ಅಲ್ಲೇ ಇರ್ಲಿ."

ಒಂದು ಯೋಚನೆ. ಅವ್ವ ಹೋದ ದಿನದ ಮಳೆ ಎಂಟನೇ ತಾರೀಖಿನ ಮೋಡಕ್ಕಿಂತ ದೊಡ್ಡದು. ನನಗೆ ಗೊತ್ತಿತ್ತು. ಅಂದೂ ಗೊತ್ತಿತ್ತು. ಅವತ್ತು ತಾರಸಿಯ ಮೇಲಿನ ಚಾದರ ಹಗ್ಗದ ಸಮೇತ ಹಾರಿಹೋಗಿತ್ತು. ಅವಳ ಮನೆಯಲ್ಲೂ ಆಗ ಗಂಡ ಹಾಸಿಗೆ ಹಿಡಿದಿದ್ದ. ಅದನ್ನು ನಾನು ಯಾವತ್ತೂ ಎಣಿಸಲಿಲ್ಲ.

ಅಕ್ಟೋಬರ್ ೨೨, ಬುಧವಾರ

ಸಂದು. ಒಂಟಿ ಮರದ ಹತ್ತಿರ ನಿಲ್ಲಲಿಲ್ಲ. ನೆರಳಲ್ಲಿ ಆಗಲೇ ಹಿಮದ ಪುಡಿ.

ಮೇಲೆ ಅರಣ್ಯ ಇಲಾಖೆಯ ಗಾರ್ಡ್ ಗುಡಿಸಲಿನ ಬಾಗಿಲಿಗೆ ಅಡ್ಡಪಟ್ಟಿ ಹೊಡೆಯುತ್ತಿದ್ದ.

"ಈ ವರ್ಷಕ್ಕೆ ಇನ್ನೊಂದು ವಾರ ಅಷ್ಟೇ ಅಜ್ಜಿ. ಒಂದನೇ ತಾರೀಖು ಡಬ್ಬಿ ಇಳಿಸ್ತೀನಿ. ಆಮೇಲೆ ಹಿಮ. ಇನ್ನು ಬೇಸಿಗೆಗೇ."

"ಪುಸ್ತಕ ಏನ್ಮಾಡ್ತೀಯಾ?"

"ಆಫೀಸಲ್ಲಿ ಬೀರುಗೆ ಹಾಕ್ತೀವಿ. ಯಾರೂ ಓದಲ್ಲ."

"ಒಳ್ಳೇದು."

ಮೊಮ್ಮಗಳು ತಾನಾಗಿ ದೂರ ಹೋಗಿ ಕೂತಳು, ಬೆನ್ನು ತಿರುಗಿಸಿ. ಫೋಟೋ ಕೂಡ ತೆಗೆಯಲಿಲ್ಲ. ಪುಸ್ತಕ ತೆರೆದೆ. ಎಂಟನೇ ತಾರೀಖು, ಅವಳ ಕೈ —

ಹನ್ನೊಂದರಿಂದ ಎರಡರವರೆಗೆ ಕಾದೆ. ೦
ನೀನು ಅರ್ಧ ದಾರಿಯಿಂದ ತಿರುಗಿದ್ದೀಯ ಎಂದು ಗುಡುಗಿದಾಗಲೇ ಗೊತ್ತಾಯಿತು. ೦
ನೀನು ನನಗೆ ಅಂದದ್ದನ್ನೇ ನಿನಗೆ ಅನ್ನಬಹುದು. ಬಾಯಲ್ಲಿದೆ. ಆದರೆ

ಅಷ್ಟೇ. ಸೊನ್ನೆ ಇಲ್ಲ. ಹಾಳೆಯಲ್ಲಿ ಜಾಗ ಇತ್ತು. ಮಳೆ ಬಂತೋ, ಪೆನ್ಸಿಲು ಮುರಿಯಿತೋ, ಬೇಕೆಂದೇ ನಿಲ್ಲಿಸಿದಳೋ.

ಗಾರ್ಡ್ ಮೊಳೆ ಹೊಡೆದು ಮುಗಿಸಿದ. ಶಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡಬ್ಬಿಯೊಳಗೆ ತುರುಕಿದೆ. "ಇದೇನಜ್ಜಿ, ಇದು ಪುಸ್ತಕದ ಡಬ್ಬಿ" ಎಂದ. "ನೀನು ಒಂದನೇ ತಾರೀಖು ಇಳಿಸು, ಅಲ್ಲೀತನಕ ನಂದು" ಎಂದೆ. ಆಮೇಲೆ ಬರೆದೆ. ಬರೆದದ್ದನ್ನು ಇಲ್ಲಿಯೂ ಇಳಿಸಿಡುತ್ತೇನೆ —

ಚಿಕ್ಕವಳೇ, ತಿರುಗು ಎಂದವಳು ನಾನೇ. ೦
ಮೋಡ ನೋಡಿ ತಿರುಗಿದೆ. ಜೊತೆಯಲ್ಲಿ ಹುಡುಗಿ ಇದ್ದಳು. ೦
ಅವತ್ತು ನೀನು ತಿರುಗಿದ್ದೂ ಸರಿ. ಬಾಗಿಲಲ್ಲಿ ನಾನು ಅಂದದ್ದು ತಪ್ಪು. ೦
ಶಾಲು ಅವ್ವನದು. ಬಿಸಿ ನೀರಿಗೆ ಹಾಕಬೇಡ, ಕುಗ್ಗುತ್ತದೆ. ೦
ಆದರೆ ಎಂದು ಬರೆದು ಹಾಗೆ ಬಿಟ್ಟು ಹೋಗುವುದೇ? ನಾನು ಕಲಿಸಿದ್ದು ಹಾಗಲ್ಲ. ಆ ಸಾಲು ಮುಗಿಸು. ಬೈಗುಳವಾದರೂ ಸರಿ. ೦
ಮಳೆ ಇದ್ದರೆ ಹೊರಡಬೇಡ. ನಿಲ್ಲಲಿ, ನಿಂತ ಮೇಲೆ ಹತ್ತು. ಆದರೆ ಒಂದನೇ ತಾರೀಖು ಡಬ್ಬಿ ಇಳಿಸುತ್ತಾರೆ, ಮುಂದಿನ ತಿಂಗಳು ಹುಟ್ಟುವುದರೊಳಗೆ ನನಗೆ ಉತ್ತರ ಬರೆ