ಮೂರನೆಯ ಜೋಡಿ

ಹಿರೇಕೆರೂರು,
ಭಾನುವಾರ

ಹುಬ್ಬಳ್ಳಿಯ ಸ್ಪೀಕರ್ ಅಂಗಡಿಯ ಶ್ರೀಪಾದ ಅವರಿಗೆ ನಮಸ್ಕಾರ.

ಮನೆಯಲ್ಲಿಟ್ಟು ಕೇಳಿ ನೋಡಲು ನೀವು ಕಳಿಸಿದ ಮೂರನೆಯ ಜೋಡಿ ಸ್ಪೀಕರನ್ನೂ ವಾಪಸು ಕಳಿಸುತ್ತಿದ್ದೇನೆ. ಬೇಸರಿಸಬೇಡಿ. ಹಾಡು ಕೇಳುವುದಕ್ಕೆಂದೇ ಒಂದು ಕೋಣೆ ಮಾಡಿಸಿದವನು ಜೀವನಪೂರ್ತಿ ಇರುವ ಸ್ಪೀಕರನ್ನು ಅವಸರದಲ್ಲಿ ಆರಿಸಬಾರದೆಂದು ನೀವೇ ಹೇಳಿದ್ದಿರಿ. ಇದರಲ್ಲಿ ತಂಬೂರಿ ತುಂಬಿ ಬರುತ್ತದೆ, ಆದರೆ ತಬಲಾ ತುಸು ಮಂದ.

ಜೋಡಿಸಿಕೊಡಲು ಬರುವ ನಿಮ್ಮ ಪರಮೇಶನ ಕೆಲಸದಲ್ಲಿ ಕೊರತೆಯಿಲ್ಲ. ಕಳೆದ ಸಲ ವೈರು ಬಿಗಿದ ಮೇಲೂ ಆತ ರಾಗ ಮುಗಿಯುವವರೆಗೆ ನನ್ನ ಜೊತೆ ಕುಳಿತು ಕೇಳಿದ. “ಕುರ್ಚಿ ಒಂದಽ ಇಡ್ರಿ ಡಾಕ್ಟರ್ರ, ನಡುವ ಕುಂತವ್ರಿಗಷ್ಟ ಖರೇ ದನಿ ಕೇಳಸ್ತೈತಿ. ಇವನ್ನ ತಗೊಂಡ್ರಂದ್ರ ಮುಗೀತು, ನಾ ಮತ್ತ ಬರೂ ಜರೂರತ್ತಽ ಇಲ್ಲ” ಎಂದ. ಎರಡನೆಯ ಕುರ್ಚಿಯನ್ನು ನಾನಿನ್ನೂ ತೆಗೆದಿಲ್ಲ.

ನಾನು ಹಲ್ಲಿನ ಡಾಕ್ಟರು. ದಿನವಿಡೀ ಜನ ನನ್ನೆದುರು ಬಾಯಿ ತೆರೆದುಕೊಂಡೇ ಇರುತ್ತಾರೆ. ಮಾತಾಡುವವರು ಮಾತ್ರ ಯಾರೂ ಇಲ್ಲ. ಅದಕ್ಕೇ ನನ್ನ ಕಿವಿ ಇಷ್ಟು ಸೂಕ್ಷ್ಮವಾಗಿದೆ ಎಂದಿಟ್ಟುಕೊಳ್ಳಿ.

ನಾಲ್ಕನೆಯ ಜೋಡಿಯನ್ನು ದಯವಿಟ್ಟು ಪರಮೇಶನ ಕೈಯಲ್ಲೇ ಕಳಿಸಿ. ಊಟದ ಹೊತ್ತಿಗೆ ಬಂದರೆ ಒಳ್ಳೆಯದು. ಬದನೆಕಾಯಿ ಪಲ್ಯವನ್ನು ಒಬ್ಬನಿಗೆ ಸಾಕಾಗುವಷ್ಟೇ ಮಾಡಲು ನನಗೆ ಇನ್ನೂ ಬಂದಿಲ್ಲ.

ಇಂತಿ ನಿಮ್ಮ ಗಿರಾಕಿ,
ಕೌಸ್ತುಭ ಹುನಗುಂದ

ತಾ.ಕ.: ಮೂರರಲ್ಲಿ ಯಾವುದು ಮೇಲು ಎಂದು ಫೋನಿನಲ್ಲಿ ಕೇಳಿದ್ದಿರಿ. ಮೊದಲನೆಯದೇ. ಅದನ್ನು ಬೇರೆ ಯಾರಿಗೂ ಮಾರಬೇಡಿ. ಈಗಲೇ ಕಳಿಸಲೂ ಬೇಡಿ.